ಊದುವ ಸರದಿ

ಮುಂಬಯಿ
೮ ನವೆಂಬರ್ ೧೯೩೭

ಪೂಜ್ಯ ಯಜ್ಞೇಶ್ವರ ಮಾಸ್ತರರ ಪಾದಗಳಿಗೆ ಫಕೀರಪ್ಪನ ನಮಸ್ಕಾರ.

ಮುಂಬಯಿ ಮುಟ್ಟಿದ್ದೇನೆ. ಸ್ಯಾಕ್ಸೋಫೋನೂ ಮುಟ್ಟಿದೆ, ಎಲ್ಲೂ ನೆಗ್ಗಿಲ್ಲ. ನಿಮ್ಮ ಹೆಸರು ಹೇಳಿದ ಕೂಡಲೇ ಯಾಕೂಬಸಾಬರು ಮರುಮಾತಿಲ್ಲದೆ ಒಳಗೆ ಕರೆದರು. ಮೂಕ ಸಿನೆಮಾದ ಪರದೆಯ ಕೆಳಗೆ ಕೂತು ನೀವಿಬ್ಬರೂ ವಾದ್ಯ ನುಡಿಸುತ್ತಿದ್ದ ದಿನಗಳ ಕಥೆ ಹೇಳುತ್ತ ಅನ್ನ ಬಡಿಸಿದರು.

ನೀವು ಬದುಕಿದ್ದೀರೋ ಇಲ್ಲವೋ ಎಂಬುದೇ ನನಗೆ ಗೊತ್ತಿಲ್ಲ. ಗಾಡಿಯಲ್ಲಿ ಉದ್ದಕ್ಕೂ ಕಣ್ಣ ಮುಂದೆ ಅದೇ. ದ್ಯಾಮಣ್ಣ ಪೈಲವಾನ ನಾಲ್ಕು ಮಂದಿಯನ್ನು ಕಟ್ಟಿಕೊಂಡು ನಮ್ಮ ಕ್ಲಾಸಿನ ಶೆಡ್ಡಿಗೆ ನುಗ್ಗಿದ. "ಚಪ್ಪಲಿ ಹೊಲ್ಯಾವನ ಮಗನ ಎಂಜಲಾ ನನ್ನ ಮಗನ ಬಾಯಾಗ ತುರಿಕೀರಂತ. ಖರೇ ಏನ್ರಿ?" ಎಂದು ಕೇಳಿದ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ತೀರುತ್ತಿತ್ತು. ನೀವು ಹೇಳಿದ್ದೇನು? "ಖರೇ. ಅವತ್ತ ನಿನ್ನ ಬಸಲಿಂಗ ಎಷ್ಟ ಛಲೋ ಊದಿದಾ ಅಂತ ಹೇಳಲಿಲ್ಲೇನು?"

ನಮಗಿದ್ದದ್ದು ಒಂದೇ ವಾದ್ಯ, ಐದು ಮಂದಿ ಹುಡುಗರು. ಮೊದಲು ನೀವು, ಆಮೇಲೆ ಆ ನಾಲ್ವರು, ಕೊನೆಗೆ ನಾನು. ನಾನು ಊದಿದ ಮೇಲೆ ಅದನ್ನು ಬಿಸಿನೀರಿನಲ್ಲಿ ತೊಳೆದು ಪೆಟ್ಟಿಗೆಗೆ ಹಾಕಬೇಕು. ಆ ಸರದಿಯನ್ನು ಕಟ್ಟಿದವರೂ ನೀವೇ, ಆ ದಿನ ಮುರಿದವರೂ ನೀವೇ. ನನ್ನ ಬಾಯಿಯಿಂದ ಕಸಿದು ನೀವು ಊದಿದಿರಿ, ತೊಳೆಯದೆ ಹಾಗೇ ಬಸಲಿಂಗನ ಬಾಯಿಗೆ ಇಟ್ಟಿರಿ. ಅವನು ಖುಷಿಯಿಂದ ಊದಿ, ಮನೆಗೆ ಹೋಗಿ ಊಟದ ಹೊತ್ತಿಗೆ ಅಪ್ಪನ ಮುಂದೆ ಅದೇ ಖುಷಿಯಿಂದ ಹೇಳಿದ. ಪಾಪ, ಅವನಿಗೆ ಹೇಳಬಾರದು ಎಂದು ಹೊಳೆಯಲೇ ಇಲ್ಲ.

ದ್ಯಾಮಣ್ಣನ ಅರಳೆ ಅಂಗಡಿಯ ತೂಕದ ಕಲ್ಲು ಅವನ ಕೈಯಲ್ಲೇ ಇತ್ತು. ಇಬ್ಬರು ನನ್ನನ್ನು ಕಂಬಕ್ಕೆ ಒತ್ತಿ ಹಿಡಿದಿದ್ದರು. ಅವನು ನಿಮ್ಮ ಎದೆಯ ಮೇಲೆ ಮೊಣಕಾಲೂರಿ, "ಬಾಯೀಲೇ ಮಾಡೀಯಲ್ಲ, ಬಾಯಿಗೇ ತಗೋ" ಎಂದು ಹೊಡೆದ, ಮತ್ತೆ ಹೊಡೆದ. ಹಲ್ಲು ಮುರಿಯುವ ಸಪ್ಪಳ ಕಂಬದ ತನಕ ಕೇಳಿತು. ಕಾಶೀಬಾಯಾರು ಒಲೆಯಿಂದ ಉರಿಯುವ ಕೊಳ್ಳಿ ಹಿರಿದು ತಂದು ಒಬ್ಬನ ಬೆನ್ನಿಗೆ ಒತ್ತಿದ ಮೇಲೆಯೇ ನನ್ನ ಕೈ ಬಿಟ್ಟರು. ನೀವು ರಕ್ತ ಉಗುಳುತ್ತ ಸ್ಯಾಕ್ಸೋಫೋನನ್ನು ನನ್ನ ಕಡೆ ದೂಡಿ, ಸ್ಟೇಶನ್ನಿನ ದಿಕ್ಕಿಗೆ ಕೈ ತೋರಿಸಿದಿರಿ. ನಾನು ಓಡಿದೆ. ಮಾಸ್ತರರೆ, ನಿಮ್ಮನ್ನು ಅಲ್ಲೇ ಬಿಟ್ಟು ಓಡಿದೆ.

ಇಲ್ಲಿಯ ಬಜಾರಿನಲ್ಲಿ ಒಂದು ಚೂರಿ ಕೊಂಡಿದ್ದೇನೆ. ನೀವು ಹೂಂ ಎಂದರೆ ಮುಂದಿನ ಗಾಡಿಗೆ ಬರುತ್ತೇನೆ. ನನ್ನಪ್ಪ ಹೇಗಿದ್ದಾನೆ, ಅದನ್ನೂ ಬರೆಯಿಸಿರಿ.

ನಿಮ್ಮ ಮಾತಿಗೆ ಕಾದಿರುವ
ಫಕೀರಪ್ಪ


ಹುಬ್ಬಳ್ಳಿ
೨೦ ನವೆಂಬರ್ ೧೯೩೭

ಚಿರಂಜೀವಿ ಫಕೀರಪ್ಪನಿಗೆ ಕಾಶೀಬಾಯಿಯ ಆಶೀರ್ವಾದ.

ನಿನ್ನ ಕಾಗದವನ್ನು ಇವರೇ ಓದಿದರು. ಉತ್ತರ ಮಾತ್ರ ನನ್ನ ಕೈಯಿಂದ, ಯಾಕೆಂದರೆ ಇವರ ಬಲಗೈಯನ್ನು ಆ ಹಾಳಾದವರು ತುಳಿದಿದ್ದಾರೆ, ಬೆರಳು ಇನ್ನೂ ಬಾತಿವೆ. ಬದುಕಿದ್ದಾರೆ. ಮೇಲಿನ ಸಾಲಿನ ಮುಂದಿನ ಹಲ್ಲು ನಾಲ್ಕೂ ಹೋಗಿವೆ. ಎರಡು ಅಲ್ಲೇ ಶೆಡ್ಡಿನಲ್ಲಿ ಬಿದ್ದವು, ಉಳಿದ ಬುಡಗಳನ್ನು ದವಾಖಾನೆಯಲ್ಲಿ ಕಿತ್ತರು. ಮೇಲ್ತುಟಿಗೆ ಹೊಲಿಗೆ ಹಾಕಿದ್ದಾರೆ. ಗಂಜಿಯನ್ನು ಚಮಚದಲ್ಲಿ ಹಾಕುತ್ತೇನೆ, ಅರ್ಧ ಹೊರಗೆ ಬರುತ್ತದೆ. ನಿನ್ನ ಹೆಸರು ಕರೆಯಲು ಹೋದರೆ ಬರೀ ಗಾಳಿ ಬರುತ್ತದೆ. ಅದಕ್ಕೆ ಇವರಿಗೆ ನಗು, ನನಗೆ ಅಳು.

ನಾನು ಮುಚ್ಚಿಟ್ಟು ಮಾತಾಡುವವಳಲ್ಲ. ನಿನ್ನ ಮೇಲೆ ನನಗೂ ಸಿಟ್ಟಿತ್ತು. ನೀನು ಊದಿದ ಮೇಲೆ ಆ ವಾದ್ಯಕ್ಕೆ ಬಿಸಿನೀರು ಕಾಯಿಸಿ ಕೊಡುತ್ತಿದ್ದವಳು ನಾನೇ, ಕುದಿಯುವ ನೀರು ಕೊಡುತ್ತಿದ್ದೆ. ಧಾರವಾಡದ ಹಾಡುವವರ ಮನೆಗೆ ಸೊಸೆಯಾಗಿ ಬಂದು, ಬಾಯಿಗೆ ಇಟ್ಟು ಬಾಯಿಂದ ತೆಗೆಯುವ ಈ ಹಿತ್ತಾಳೆ ಪೀಪಿಯ ಎಂಜಲು ತೊಳೆಯುವುದೇ ನನ್ನ ಹಣೆಯಲ್ಲಿ ಬರೆದಿತ್ತೇ ಎಂದು ಎಷ್ಟು ಬೈದಿದ್ದೇನೋ. ಆದರೆ ಅವತ್ತು ನನ್ನ ಗಂಡನ ಎದೆಯ ಮೇಲೆ ಆ ಕೋಣ ಕೂತದ್ದನ್ನು ನೋಡಿದಾಗ ನನಗೆ ಎಂಜಲೂ ನೆನಪಾಗಲಿಲ್ಲ, ಮಡಿಯೂ ನೆನಪಾಗಲಿಲ್ಲ. ಕೊಳ್ಳಿ ಇಟ್ಟದ್ದು ದ್ಯಾಮಣ್ಣನ ಬೆನ್ನಿಗಲ್ಲವಲ್ಲ, ಅದೊಂದೇ ನನ್ನ ವ್ಯಥೆ.

ಫೌಜದಾರರ ಹತ್ತಿರ ಹೋಗಿದ್ದೆ. "ಬಾಯಾರ, ಮಾಸ್ತರು ಕಾಲು ಜಾರಿ ಬಿದ್ದಾರ ಅಂತ ಬರಸ್ರಿ. ಊರಾಗ ಇರಾವ್ರು ನೀವು" ಎಂದರು. "ಬಿದ್ದವರ ಹಲ್ಲು ಮುರೀತಾವು ಖರೇ, ಕೈ ಮ್ಯಾಲೆ ಬೂಟಿನ ಗುರ್ತು ಎಲ್ಲಿಂದ ಬಂತ್ರಿ?" ಎಂದು ಕೇಳಿದೆ. ಸಿಪಾಯಿಯನ್ನು ಕರೆದು ನನ್ನನ್ನು ಹೊರಗೆ ಕಳಿಸಿದರು. ಧಾರವಾಡದಿಂದ ಭಾವನವರು ಬರಲಿಲ್ಲ. ತಮ್ಮನ ಬಾಯಿಗೆ ಆದದ್ದು ಬಾಯಿ ಮಾಡಿದ ತಪ್ಪಿಗೆ ಎಂದು ಹೇಳಿ ಕಳಿಸಿದರು. ಹುಡುಗರು ಯಾರೂ ಬರುವುದಿಲ್ಲ. ಕ್ಲಾಸು ಮುಗಿದ ಹಾಗೆಯೇ.

ನೀನು ಬರಬೇಡ. ಇವರು ಕೈಸನ್ನೆ ಮಾಡಿ ಅದನ್ನೇ ನಾಲ್ಕು ಸಲ ಬರೆ ಎಂದರು, ನಾನು ಒಂದು ಸಲ ಬರೆದಿದ್ದೇನೆ. ನಿಮ್ಮಪ್ಪ ಆರಾಮ ಇದ್ದಾನೆ. ಅವನ ಚಿಂತೆ ನಿನಗೆ ಬೇಡ.

ಕಾಶೀಬಾಯಿ


ಹುಬ್ಬಳ್ಳಿ
೧೬ ಜನವರಿ ೧೯೩೮

ಫಕೀರಪ್ಪಾ,

ಕೈ ಬಂದಿದೆ. ಮೊದಲ ಕಾಗದವೇ ನಿನಗೆ ಬೈಯುವುದಕ್ಕೆ ಬರೆಯುತ್ತಿದ್ದೇನೆ. ಯಾಕೂಬ ಬರೆದಿದ್ದಾನೆ, ನೀನು ವಾದ್ಯದ ಪೆಟ್ಟಿಗೆ ತೆರೆಯುವುದೇ ಇಲ್ಲವಂತೆ, ದಿನವೂ ಕೂತು ಚೂರಿ ಮಸೆಯುತ್ತೀಯಂತೆ. ಕತ್ತೆ. ನಾಲ್ಕು ಹಲ್ಲು ಕೊಟ್ಟು ಉಳಿಸಿದ ಶಿಷ್ಯ ನೀನೊಬ್ಬ. ನೀನು ಕೂಡ ಊದುವುದಿಲ್ಲ ಎಂದರೆ ದ್ಯಾಮಣ್ಣ ಗೆದ್ದ ಹಾಗೆ, ಅವನು ಕಷ್ಟಪಟ್ಟದ್ದು ಅದಕ್ಕೇ.

ಹಲ್ಲಿಲ್ಲದವನು ಊದಬಲ್ಲನೇ ಎಂದು ಮೊನ್ನೆಯ ಕಾಗದದಲ್ಲಿ ಕೇಳಿದ್ದೀ. ಮನೆಯಲ್ಲಿ ಉಳಿದಿದ್ದ, ವಾದ್ಯದ ಊದುವ ಹಳೆಯ ತುದಿಯೊಂದನ್ನು ಬಾಯಿಗಿಟ್ಟು ನೋಡಿದೆ. ಮೇಲಿನ ಹಲ್ಲು ಅದರ ಮೇಲೆ ಊರಬೇಕು, ಕೆಳತುಟಿ ಅದರ ಅಡಿಯಲ್ಲಿ ಅದುರುವ ಬೆತ್ತದ ಪಟ್ಟಿಯನ್ನು ಹಿಡಿಯಬೇಕು. ಊರುವುದಕ್ಕೆ ಏನಿದೆ? ಒಸಡು ಹರಿದು ರಕ್ತ ಬಂತು, ಸ್ವರ ಬರಲಿಲ್ಲ. ಕಾಶಿ ಕಸಿದು ಅಟ್ಟದ ಮೇಲೆ ಒಗೆದಳು. ನನ್ನ ಊದುವಿಕೆ ಮುಗಿಯಿತು. ಇದನ್ನು ಬರೆಯುವಾಗ ಅಳು ಬರುತ್ತಿದೆ, ಬರಲಿ.

ನನ್ನ ಕಥೆ ನಿನಗೆ ಅರ್ಧವೇ ಗೊತ್ತು. ನಮ್ಮಪ್ಪ ಧಾರವಾಡದಲ್ಲಿ ತಂಬೂರಿ ಹಿಡಿದು ಹಾಡು ಕಲಿಸುವವರು. ತಪ್ಪು ಹಾಡಿದರೆ ತಾಳ ಹಾಕುವ ಕೈಯಿಂದಲೇ ಕಪಾಳಕ್ಕೆ ಬೀಳುತ್ತಿತ್ತು. ಹದಿನೆಂಟನೆಯ ವಯಸ್ಸಿಗೆ ಹುಬ್ಬಳ್ಳಿಯ ರೇಲ್ವೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿದೆ, ಮನೆ ಬಿಟ್ಟೆ. ಮುಂಬಯಿಯ ಸಿನೆಮಾ ಮಂದಿರದಲ್ಲಿ ಪರದೆಯ ಮೇಲೆ ಕುದುರೆ ಓಡಿದರೆ ಓಟ, ನಾಯಕಿ ಸತ್ತರೆ ಸಾವು ಊದಿದೆ. ಸಿನೆಮಾ ಮಾತಾಡಲು ಕಲಿತ ವರ್ಷ ನಮ್ಮನ್ನೆಲ್ಲ ಹೊರಗೆ ಹಾಕಿದರು. ಆಮೇಲೆ ಹೋಟೆಲಿನ ಬ್ಯಾಂಡು. ಅಲ್ಲಿ ಅಮೆರಿಕದಿಂದ ಬಂದ ಕರಿಯ ವಾದ್ಯಗಾರನೊಬ್ಬನ ಪಕ್ಕದಲ್ಲಿ ಕೂತು ಜಾಝ್ ಎಂದರೇನು ಎಂದು ಕಲಿತೆ. ಅವನು ಒಂದು ತುಣುಕು ಊದಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ಉತ್ತರವನ್ನು ನಾನು ಕೊಡಬೇಕು. ಬರೆದಿಟ್ಟದ್ದು ಏನೂ ಇರಲಿಲ್ಲ. ಅವನಿಗೆ ಅವನ ದೇಶದಲ್ಲಿ ಬಿಳಿಯರ ಜತೆ ಒಂದೇ ಮೇಜಿನಲ್ಲಿ ಕೂರಲು ಬಿಡುತ್ತಿರಲಿಲ್ಲವಂತೆ. ಇದನ್ನು ಕೇಳಿ ನಾನು ದೊಡ್ಡ ಮನುಷ್ಯನ ಹಾಗೆ ಮರುಗಿದ್ದೆ.

ಮರುಗಿದವನು ಹುಬ್ಬಳ್ಳಿಗೆ ಬಂದು ಏನು ಮಾಡಿದೆ? ಸರದಿ ಕಟ್ಟಿದೆ. ನಿಮ್ಮಪ್ಪ ಕುರಿಚರ್ಮದಲ್ಲಿ ವಾದ್ಯದ ಗುಂಡಿಗಳಿಗೆ ಮೆತ್ತೆ ಹೊಲಿದು ಕೊಡಲು ಬಂದಾಗ ಜತೆಯಲ್ಲಿ ನೀನು ಬಂದೆ. ಊದಿ ನೋಡು ಎಂದೆ. ಆ ಒಂದು ಸ್ವರಕ್ಕೆ ನನ್ನ ಮೈ ಜುಮ್ಮೆಂದಿತು. ಆದರೂ ನಿನ್ನನ್ನು ಪಂಕ್ತಿಯ ಕೊನೆಗೆ ಕೂರಿಸಿದೆ, ಇಲ್ಲದಿದ್ದರೆ ಉಳಿದ ಹುಡುಗರ ಮನೆಯವರು ಕಳಿಸುತ್ತಿರಲಿಲ್ಲ. ಅವತ್ತು ನೀನು ಊದಿದ ಉತ್ತರ ನಾನು ಕಲಿಸಿದ್ದಲ್ಲ. ನಾನು ಮರುಪ್ರಶ್ನೆ ಕೇಳದೆ ಇರಲಾರದವನಾದೆ. ಕಸಿದು ಊದಿದೆ, ಪಕ್ಕದಲ್ಲಿ ಬಾಯಿ ಬಿಟ್ಟು ಕೂತಿದ್ದ ಬಸಲಿಂಗನಿಗೆ ಕೊಟ್ಟೆ. ಸರದಿ ಮುರಿಯಬೇಕೆಂದು ಮುರಿದದ್ದಲ್ಲ, ಮರೆತೆ. ಬೇಕೆಂದೇ ಮುರಿದಿದ್ದರೆ ನನಗೆ ಇನ್ನೂ ಹೆಮ್ಮೆ ಇರುತ್ತಿತ್ತು.

ಈಗ ಕೇಳು. ಚೂರಿಯನ್ನು ಸಮುದ್ರಕ್ಕೆ ಒಗೆ. ದಿನ ಬೆಳಗಾದರೆ ಗೋಡೆಗೆ ಮುಖ ಮಾಡಿ ನಿಂತು ಉದ್ದ ಸ್ವರ ಊದು. ಇಲ್ಲಿ ಉಣಕಲ್ಲ ಕೆರೆಯ ದಂಡೆಯಲ್ಲಿ ಊದುವಾಗ ಸ್ವರ ನೀರಿನ ಮೇಲೆ ಹೋಗಿಬಿಡುತ್ತಿತ್ತು, ತಪ್ಪು ತಿರುಗಿ ಬರುತ್ತಿರಲಿಲ್ಲ. ಗೋಡೆ ಹಾಗಲ್ಲ, ತಕ್ಷಣ ಮುಖಕ್ಕೆ ಹೊಡೆಯುತ್ತದೆ. ತುಟಿ ಬಿಗಿಯಬೇಡ, ಸಿಟ್ಟು ಬಂದಾಗ ನೀನು ಬಿಗಿಯುತ್ತೀ. ಯಾಕೂಬ ನಿನ್ನನ್ನು ಹೋಟೆಲಿನ ಬ್ಯಾಂಡಿಗೆ ಕರೆದೊಯ್ಯುತ್ತಾನೆ. ಯಾವ ಕುರ್ಚಿ ಕೊಟ್ಟರೂ ಕೂರು, ಆದರೆ ಮುಖ್ಯ ವಾದ್ಯಗಾರ ಕೂರುವ ಮೊದಲ ಕುರ್ಚಿಯ ಮೇಲಿನ ಕಣ್ಣು ತೆಗೆಯಬೇಡ. ಆ ಕುರ್ಚಿ ನನಗೂ ಸಿಗಲಿಲ್ಲ. ನೀನು ಅದರಲ್ಲಿ ಕೂತೆ ಎಂಬ ಸುದ್ದಿ ಬಂದರೆ ಸಾಕು. ಬಾಯಿ ಹೋದದ್ದು ನನ್ನದು, ಸೇಡು ಬೇಡ ಎನ್ನುವ ಹಕ್ಕೂ ನನ್ನದು. ನನ್ನ ಮೇಲೆ ಆಣೆ.

ಬೈಗುಳದ ಜತೆ ಆಶೀರ್ವಾದ,
ಯಜ್ಞೇಶ್ವರ


ಮುಂಬಯಿ
೨ ಮೇ ೧೯೩೮

ಪೂಜ್ಯ ಮಾಸ್ತರರಿಗೆ,

ನೀವು ಹೇಳಿದಂತೆಯೇ ನಡೆದೆ. ಗೋಡೆಗೆ ಊದಿದೆ. ಫೆಬ್ರವರಿಯಲ್ಲಿ ಹೋಟೆಲಿನ ಬ್ಯಾಂಡಿನಲ್ಲಿ ಮೂರನೆಯ ಕುರ್ಚಿ ಸಿಕ್ಕಿತು. ಇಲ್ಲಿಯೂ ಕೊನೆಯದೇ, ಆದರೆ ಇಲ್ಲಿ ಕೊನೆಯವನಿಗೂ ಅವನದೇ ವಾದ್ಯ. ಕುಡಿದ ಸಾಹೇಬನೊಬ್ಬ ಮೊನ್ನೆ ಬಾಟಲಿ ಎಸೆದ. ನನ್ನ ಹುಬ್ಬು ಸೀಳಿತು. ಸೇಡು ಬೇಡ ಎಂದು ನೀವು ಹೇಳಿದ್ದಿರಿ, ಅದಕ್ಕೇ ರಕ್ತ ಒರೆಸಿಕೊಂಡು ಊದಿದೆ. ಮೊದಲ ಕುರ್ಚಿಯವನು ಕಲಕತ್ತೆಗೆ ಹೊರಟಿದ್ದಾನೆ. ಬರುವ ಶನಿವಾರದ ಸಂಜೆ ಆ ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಪರೀಕ್ಷಿಸುತ್ತೇನೆ ಎಂದು ಬ್ಯಾಂಡಿನ ಮುಖ್ಯಸ್ಥ ಹೇಳಿದ್ದಾನೆ.

ನಾನು ಅಲ್ಲಿರುವುದಿಲ್ಲ.

ನಿನ್ನೆ ಹುಬ್ಬಳ್ಳಿಯಿಂದ ಯಾಕೂಬಸಾಬರ ತಂಗಿ ನಜ್ಮಾ ಬಂದರು. ಅಣ್ಣನಿಗೆ ಹೇಳುವಾಗ ನಾನು ಬಾಗಿಲ ಹಿಂದೆ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. ನಿಮ್ಮನ್ನು ಹೊಡೆದ ಮೇಲೆ ದ್ಯಾಮಣ್ಣನ ಮಂದಿ ನೆಟ್ಟಗೆ ನಮ್ಮ ಮನೆಗೆ ಹೋದರಂತೆ. ಗಿರಣಿಯ ಯಂತ್ರಕ್ಕೆಂದು ಅಪ್ಪ ಹೊಲಿಯುತ್ತಿದ್ದ ಚರ್ಮದ ಪಟ್ಟಾ ಅವನ ಕೈಯಿಂದಲೇ ಕಸಿದು, ಅದರಿಂದಲೇ ಹೊಡೆದರಂತೆ. ಬಲಭುಜ ಕಳಚಿ ಹೋಗಿ ಈಗ ಕೈ ಮೇಲೇಳುವುದಿಲ್ಲ, ಸೂಜಿ ಹಿಡಿಯಲು ಆಗುವುದಿಲ್ಲ. ಆರು ತಿಂಗಳಿಂದ ನಿಮ್ಮ ಶೆಡ್ಡಿನಲ್ಲೇ ಇದ್ದಾನೆ, ಬಾಯಾರೇ ಊಟ ಕೊಡುತ್ತಿದ್ದಾರೆ. ದ್ಯಾಮಣ್ಣ ಗರಡಿಯಲ್ಲಿ ಕೂತು, "ಮಾಸ್ತರಗ ಬಾಯಿ, ಹೊಲ್ಯಾವಗ ಕೈ. ಇನ್ನ ಆ ಹುಡುಗಂದೊಂದ ಬಾಕಿ ಐತಿ" ಎನ್ನುತ್ತಾನಂತೆ.

ಆರಾಮ ಇದ್ದಾನೆ ಎಂದು ಬಾಯಾರು ಬರೆದರು. ನೀವೂ ಸುಮ್ಮನಿದ್ದಿರಿ. ನಿಮ್ಮ ಬಾಯಿಯ ಸೇಡು ಬೇಡ ಎನ್ನುವುದು ನಿಮ್ಮ ಹಕ್ಕು, ಒಪ್ಪಿದ್ದೆ. ಅಪ್ಪನ ಕೈ ನಿಮ್ಮದಲ್ಲ. ಆಣೆ ಅದಕ್ಕೆ ತಗಲುವುದಿಲ್ಲ.

ಶುಕ್ರವಾರ ಹೊರಡುತ್ತೇನೆ. ಚೂರಿ ಸಮುದ್ರಕ್ಕೆ ಹಾಕಿಲ್ಲ, ಹಾಸಿಗೆಯ ಕೆಳಗೇ ಇದೆ. ಕುರ್ಚಿ ಹೋದರೆ ಹೋಗಲಿ. ಕ್ಷಮಿಸಿರಿ.

ಫಕೀರಪ್ಪ


ತಾರು
ಹುಬ್ಬಳ್ಳಿ, ೫ ಮೇ ೧೯೩೮

ಕೆಲಸ ಮುಗಿದಿದೆ. ನಿನಗೆ ಇಲ್ಲಿ ಏನೂ ಉಳಿದಿಲ್ಲ. ಶನಿವಾರ ಊದು. ಯಜ್ಞೇಶ್ವರ.


ಬೆಳಗಾವಿ ಜೇಲು
೧೯ ಜೂನ್ ೧೯೩೮

ಫಕೀರಪ್ಪಾ,

ಇಲ್ಲಿ ಕಾಗದ ಬರೆಯಲು ಈಗ ಬಿಟ್ಟರು. ಒಂದು ವರ್ಷದ ಸಕ್ತಮಜೂರಿಯ ಶಿಕ್ಷೆ. ನಾನೇ ಮಾಡಿದ್ದು ಎಂದು ಒಪ್ಪಿಕೊಂಡೆ, ಆದ್ದರಿಂದ ಖಟ್ಲೆ ಬೇಗ ಮುಗಿಯಿತು. ಬಂದವರು ಹೋದವರು ನಿನಗೆ ಹತ್ತು ತರಹ ಹೇಳಿರಬಹುದು. ನಡೆದದ್ದು ಇಷ್ಟು.

ನಿನ್ನ ಕಾಗದ ಗುರುವಾರ ಮಧ್ಯಾಹ್ನ ಕೈಗೆ ಬಂತು. ನೀನು ಹೊರಡುವುದು ಮರುದಿನ. ಬೇಡ ಎಂದು ತಾರು ಕೊಟ್ಟರೆ ನೀನು ನಿಲ್ಲುವವನಲ್ಲ, ಆಣೆಗೇ ನಿಲ್ಲದವನು. ನಿನ್ನನ್ನು ತಡೆಯುವ ಸುದ್ದಿ ಒಂದೇ ಇತ್ತು, ಇನ್ನು ಮಾಡಲು ಏನೂ ಉಳಿದಿಲ್ಲ ಎಂಬುದು. ಅದನ್ನೇ ಬರೆದು ತಾರು ಕೊಟ್ಟೆ. ತಾರಾಫೀಸಿನ ಮೆಟ್ಟಿಲು ಇಳಿಯುವಾಗ ಅದು ಸುಳ್ಳೇ ಆಗಿತ್ತು. ಸುಳ್ಳೆಂದು ಎಂಟು ದಿನದಲ್ಲಿ ನಿನಗೆ ತಿಳಿಯುತ್ತಿತ್ತು, ನೀನು ಮತ್ತೆ ಗಾಡಿ ಹತ್ತುತ್ತಿದ್ದೆ. ಅದನ್ನು ನಿಜ ಮಾಡದೆ ಬೇರೆ ದಾರಿ ಇರಲಿಲ್ಲ. ನೆಟ್ಟಗೆ ಅರಳೆ ಪೇಟೆಗೆ ನಡೆದೆ.

ದ್ಯಾಮಣ್ಣ ಅಂಗಡಿಯ ಗಾದಿಯ ಮೇಲೆ ಕೂತಿದ್ದ. ನನ್ನ ಬೊಚ್ಚು ಬಾಯಿ ನೋಡಿ, "ಬರ್ರಿ ಮಾಸ್ತರ, ಒಂದ್ ಹಾಡ್ ಆಗ್ಲಿ" ಎಂದ. ತಕ್ಕಡಿಯಲ್ಲಿದ್ದ ತೂಕದ ಕಲ್ಲು ಕೈಗೆ ಸಿಕ್ಕಿತು. ಗಾದಿಯ ಮೇಲೆ ಊರಿದ್ದ ಅವನ ಬಲಗೈ ಮೇಲೆ ಹಾಕಿದೆ. ಅವನು ಏಳುವಷ್ಟರಲ್ಲಿ ಮೊಣಕೈ ಮೇಲೆ ಇನ್ನೊಂದು. ಮೊದಲ ಏಟಿಗೆ ನನಗೆ ಸಂತೋಷವಾಯಿತು. ಜೇಲಿನವರು ಓದಿದರೂ ಅಡ್ಡಿಯಿಲ್ಲ, ನಿನಗೆ ಅದನ್ನು ಮುಚ್ಚಿಡುವುದಿಲ್ಲ. ಎರಡನೆಯದಕ್ಕೆ ಎಲುಬು ಮುರಿದದ್ದು ಕಲ್ಲಿನೊಳಗಿಂದ ನನ್ನ ಕೈಗೆ ಬಂತು. ಆ ದೊಡ್ಡ ಪೈಲವಾನ "ಯವ್ವಾ" ಎಂದು ಕೂಗಿದ. ಅವನ ಮೊಣಕಾಲಿನ ಕೆಳಗೆ ನಾನು ಕೂಗಿದ್ದೂ ಅದನ್ನೇ.

ಒಳಗಿನಿಂದ ಬಸಲಿಂಗ ಓಡಿ ಬಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅವನು ಅಪ್ಪನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ನನ್ನ ಮುಖ ನೋಡಿ, "ಸಾಕ್ರಿ ಮಾಸ್ತರ, ಸಾಕ್ರಿ" ಎಂದ. ಕ್ಲಾಸಿನಲ್ಲಿ ಒಂದೇ ಪಾಠವನ್ನು ನಾನು ಹತ್ತು ಸಲ ಊದಿಸಿದಾಗ ಹೇಳುತ್ತಿದ್ದ ಅದೇ ದನಿ. ಕಲ್ಲು ಕೆಳಗಿಟ್ಟೆ. ಆಮೇಲೆ ಪೇಟೆಯವರು ನನ್ನನ್ನು ಹೊಡೆದರು, ಚೆನ್ನಾಗಿಯೇ ಹೊಡೆದರು. ಅದು ನನಗೆ ಅಷ್ಟಾಗಿ ತಿಳಿಯಲಿಲ್ಲ.

ದ್ಯಾಮಣ್ಣನ ಮೊಣಕೈ ಇನ್ನು ನೆಟ್ಟಗಾಗುವುದಿಲ್ಲವಂತೆ. ಇದರಿಂದ ನನ್ನ ಬಾಯಿಗಾಗಲಿ ನಿಮ್ಮಪ್ಪನ ಭುಜಕ್ಕಾಗಲಿ ಏನೂ ಬರಲಿಲ್ಲ. ಸರಿಸಮ ಆಯಿತು ಎಂದು ಊರಿನವರು ಹೇಳುತ್ತಾರಂತೆ. ನಿನಗೆ ಮಾತ್ರ ಹಾಗೆ ಅನ್ನಿಸದಿರಲಿ. ಅಪ್ಪನ ವಿಷಯ ಮುಚ್ಚಿಟ್ಟದ್ದು ತಪ್ಪು, ಅದನ್ನು ಕಾಶಿಯ ತಲೆಗೆ ಕಟ್ಟಬೇಡ, ಬರೆಯಬೇಡ ಎಂದವನು ನಾನು. ಅವಳು ನಿಮ್ಮಪ್ಪನನ್ನು ಈಗ ಶೆಡ್ಡಿನಿಂದ ಪಡಸಾಲೆಗೆ ಕರೆತಂದಿದ್ದಾಳೆ. ಮನೆಯಲ್ಲಿ ಒಬ್ಬ ಗಂಡಸು ಇರಲಿ ಎಂದಳಂತೆ.

ನನಗೆ ಬೇಕಾದ ಸುದ್ದಿ ಒಂದೇ. ಶನಿವಾರ ಏನಾಯಿತು? ಕುರ್ಚಿ ಸಿಕ್ಕಿತೇ?

ಯಜ್ಞೇಶ್ವರ


ಮುಂಬಯಿ
೩ ಜುಲೈ ೧೯೩೮

ಪೂಜ್ಯ ಮಾಸ್ತರರಿಗೆ,

ಕುರ್ಚಿ ಸಿಕ್ಕಿದೆ. ನೀವು ಕೇಳಿದ್ದು ಅದೊಂದೇ, ಅದಕ್ಕೇ ಮೊದಲು ಬರೆದೆ.

ತಾರು ಬಂದಾಗ ನಾನು ಗಂಟು ಕಟ್ಟುತ್ತಿದ್ದೆ. ಯಾಕೂಬಸಾಬರು ಓದಿ ಹೇಳಿದರು. "ಮುಗಿದಿದೆ ಅಂದ್ರ ಏನ್ರಿ?" ಎಂದು ಕೇಳಿದೆ. ಅವರಿಗೆ ನಿಮ್ಮ ಸ್ವಭಾವ ಗೊತ್ತು. ಅಲ್ಲೇ ನೆಲಕ್ಕೆ ಕೂತು ತಲೆ ಹಿಡಿದುಕೊಂಡರು. ಚೂರಿಯನ್ನು ನನ್ನ ಗಂಟಿನಿಂದ ತೆಗೆದು ಅಡುಗೆಮನೆಗೆ ಕೊಟ್ಟರು, ಈಗ ಅದರಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಾರೆ. ಶನಿವಾರ ಏನು ಊದಿದೆ ಎಂದು ನನಗೆ ನೆನಪಿಲ್ಲ. ತುಟಿ ಬಿಗಿಯಲಿಲ್ಲ, ಅದೊಂದು ಗೊತ್ತು. ಕುಣಿಯುತ್ತಿದ್ದವರಲ್ಲಿ ಕೆಲವರು ನಿಂತು ನೋಡಿದರು. ಮುಖ್ಯಸ್ಥ ಬಂದು, ನಾಳೆಯಿಂದ ಇಲ್ಲೇ ಕೂರು ಎಂದ.

ಈಗ ನನ್ನ ಮಾತು. ನನಗೆ ನಿಮ್ಮ ಮೇಲೆ ಸಿಟ್ಟಿದೆ. ಕ್ಲಾಸಿನಲ್ಲಿ ನೀವು ಮೊದಲು, ನಾನು ಕೊನೆ. ದ್ಯಾಮಣ್ಣನ ಅಂಗಡಿಗೆ ಹೋಗುವುದರಲ್ಲೂ ನೀವೇ ಮೊದಲು ಹೋದಿರಿ, ನನ್ನ ಸರದಿ ಬರುವಷ್ಟರಲ್ಲಿ ಏನೂ ಉಳಿಸಲಿಲ್ಲ. ಅಪ್ಪ ನನ್ನವನು. ದ್ಯಾಮಣ್ಣನನ್ನು ಹೊಡೆಯುತ್ತಿದ್ದೆನೋ, ಅವನ ಮುಖ ನೋಡಿ ತಿರುಗಿ ಬರುತ್ತಿದ್ದೆನೋ, ಅದು ನನಗೆ ಇನ್ನು ಎಂದೂ ತಿಳಿಯುವುದಿಲ್ಲ. ನೀವು ನನ್ನನ್ನು ನೇಣಿನಿಂದ ಉಳಿಸಿದಿರಿ ಎಂದು ಯಾಕೂಬಸಾಬರು ದಿನಾ ಹೇಳುತ್ತಾರೆ. ಅದು ನನಗೆ ಗೊತ್ತಿಲ್ಲವೇ? ಗೊತ್ತಿರುವುದಕ್ಕೇ ಇಷ್ಟು ಸಿಟ್ಟು. ನೀವು ಅಲ್ಲಿ ಕಲ್ಲು ಒಡೆಯುತ್ತಿರುವಾಗ ನಾನು ಇಲ್ಲಿ ಮೊದಲ ಕುರ್ಚಿಯಲ್ಲಿ ಕೂತು ಊದಬೇಕು, ನಾಚಿಕೆಯಾಗುತ್ತದೆ, ಆದರೂ ಊದುತ್ತೇನೆ, ಚೆನ್ನಾಗಿಯೇ ಊದುತ್ತೇನೆ.

ನಿಮ್ಮ ಬಿಡುಗಡೆಯ ದಿನ ಅಪ್ಪನನ್ನೂ ಬಾಯಾರನ್ನೂ ಕರೆದುಕೊಂಡು ಜೇಲಿನ ಬಾಗಿಲಿಗೆ ಬರುತ್ತೇನೆ. ಬಂದ ಕೂಡಲೇ ನಿಮ್ಮ ಕಾಲಿಗೆ ಬೀಳುತ್ತೇನೆ. ಎದ್ದ ಮೇಲೆ ಜಗಳವಾಡುತ್ತೇನೆ, ಅಲ್ಲೇ, ಸಿಪಾಯಿಗಳ ಮುಂದೆಯೇ. ಅಲ್ಲಿ ಮೊದಲ ಮಾತು ನನ್ನದು. ಅದು ಮುಗಿಯುವ ತನಕ ನೀವು ಬಾಯಿ ತೆರೆಯಬಾರದು.

ನಿಮ್ಮವನೇ ಆದ
ಫಕೀರಪ್ಪ